ಮಂಚೇಗೌಡನ ಹನ್ನೆರಡನೇ ಪುಸ್ತಕ

ಹುಚ್ಚೀರಯ್ಯ ಮೇಷ್ಟ್ರ ಮನೆಯಲ್ಲಿ ಕಳ್ಳರನ್ನು ಹಿಡಿಯುತ್ತಿದ್ದುದು ಅಡುಗೆಮನೆಯ ಹೊಸಲಿನ ಬಳಿ. ಹಗಲೆಲ್ಲ ಮದ್ದೂರಿನ ಸ್ಕೂಲಿನಲ್ಲಿ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರು ಸಂಜೆಯಾದರೆ ಪತ್ತೇದಾರಿ ಪುಸ್ತಕ ಬರೆಯುತ್ತಿದ್ದರು. ಅವರ ಪತ್ತೇದಾರ ಮಂಚೇಗೌಡನ ಹತ್ತಿರ ಪಿಸ್ತೂಲಿರಲಿಲ್ಲ, ಕಂಕುಳಲ್ಲಿ ಒಂದು ಹಳೇ ಛತ್ರಿ ಇತ್ತು. ಕೊಲೆಯಾದ ಊರಿಗೆ ಬಂದರೆ ಮನೆಮನೆಗೂ ಹೋಗಿ ಮಜ್ಜಿಗೆ ಕೇಳಿ ಕುಡಿಯುವನು. ಚೊಂಬು ಬರಿದಾಗುವುದರೊಳಗೆ ಆ ಮನೆಯ ಗುಟ್ಟೆಲ್ಲ ಅವನ ಹೊಟ್ಟೆ ಸೇರಿರುತ್ತಿತ್ತು. ಇಂಥ ಹನ್ನೊಂದು ಪುಸ್ತಕಗಳು ಬೆಂಗಳೂರಿನಲ್ಲಿ ಅಚ್ಚಾಗಿದ್ದವು. ರೈಲಿನಲ್ಲಿ ಕಡಲೆಕಾಯಿ ತಿನ್ನುತ್ತ ಮಂಚೇಗೌಡನನ್ನು ಓದುವವರನ್ನು ಮೇಷ್ಟ್ರ ಮಗ ಸಿದ್ದರಾಜು ಎಷ್ಟೋ ಸಲ ಕಣ್ಣಾರೆ ಕಂಡು ಬಂದು ಹೇಳಿದ್ದ.

ಪುಸ್ತಕ ಬೆಂಗಳೂರಿಗೆ ಹೋಗುವ ಮುಂಚೆ ಮನೆಯಲ್ಲಿ ಒಂದು ಪರೀಕ್ಷೆ ನಡೆಯುತ್ತಿತ್ತು. ಮೇಷ್ಟ್ರು ಹೊಸಲಿಗೆ ಒರಗಿ ಕೂತು ಗಟ್ಟಿಯಾಗಿ ಓದುವರು. ಒಳಗೆ ಹೆಂಡತಿ ಚಿಕ್ಕನಂಜಮ್ಮ ಮುದ್ದೆ ತೊಳಸುತ್ತ ಕೇಳುವಳು, ತಾಯಿ ಪುಟ್ಟಮಾದಮ್ಮ ಕಾಲು ನೀಡಿಕೊಂಡು ಕೇಳುವಳು, ಮಗಳು ಚಲುವಿ ಕೈಮೇಲೆ ಗಲ್ಲವೂರಿ ಕೇಳುವಳು. ಕೊನೆಯ ಅಧ್ಯಾಯ ಒಂದು ಉಳಿದಾಗ ಮೇಷ್ಟ್ರು ಕಾಗದ ಮಡಚಿ, "ಈಗ ಹಿಡೀರಿ ಕಳ್ಳನ್ನ" ಅನ್ನುವರು. ಮನೆಯವರಲ್ಲಿ ಒಬ್ಬರು ಸರಿಯಾಗಿ ಹಿಡಿದರೂ ಪುಸ್ತಕ ತಿದ್ದಬೇಕು. ಅದು ಅವರೇ ಮಾಡಿಕೊಂಡಿದ್ದ ಕಟ್ಟಳೆ.

ಏಳನೆಯ ಪುಸ್ತಕದಲ್ಲಿ ಅಜ್ಜಿ ತಡಮಾಡದೆ ಹೇಳಿಬಿಟ್ಟಿದ್ದಳು: "ಆ ಪೂಜಾರಿ ಕಣ್ಲಾ. ಗಂಟೆ ಬಾರ್ಸೋವಾಗ ಅವನ್ ಕೈ ನಡುಗ್ತು ಅಂತ ಎಲ್ಡು ಸಲ ಬರ್ದಿದ್ದೀಯ. ನಾನೇನ್ ಕಿವುಡೀನಾ?"

"ಅವ್ವಾ, ಒಂದು ತಿಂಗಳ ಕೆಲಸ!"

"ಒಂದು ವರ್ಸ ಆಗ್ಲಿ. ಸಿಕ್ಕಾಕೊಂಡ ಕಳ್ಳನ್ನ ಸಿಕ್ಕಿಲ್ಲ ಅಂತ ಯೋಳ್ಲಾ?"

ಮೇಷ್ಟ್ರು ತಟ್ಟೆ ದೂಡಿ ಎದ್ದು ಹೋಗಿದ್ದರು. ಎಂಟು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡದೆ ಮತ್ತೆ ಬರೆದರು. ಅದೇ ಪುಸ್ತಕ ಎರಡು ಸಲ ಅಚ್ಚಾಯಿತು.

ಶಿವಪುರದಲ್ಲಿ ಬಾವುಟ ಹಾರಿಸಿದ ಗಲಾಟೆಯಾಗಿ ಎರಡು ವರ್ಷಕ್ಕೆ, ಆಷಾಢದ ಜಡಿಮಳೆಯಲ್ಲಿ ಮೇಷ್ಟ್ರಿಗೆ ವಿಷಮಶೀತ ಜ್ವರ ಬಂತು. ಹದಿನೆಂಟು ದಿನಕ್ಕೆ ಹೋಗಿಬಿಟ್ಟರು. ತಿಥಿ ಮುಗಿದ ವಾರಕ್ಕೆ ಬೆಂಗಳೂರಿನ ಪ್ರಕಾಶಕರಿಂದ ಕಾಗದ ಬಂತು. ದುಃಖ ಹೇಳಿಕೊಂಡು, ಕೊನೆಯಲ್ಲಿ, 'ಮೇಷ್ಟ್ರು ಬರೆದಿಟ್ಟದ್ದು ಏನಾದರೂ ಉಳಿದಿದೆಯೇ? ಓದುಗರು ಹನ್ನೆರಡನೆಯ ಪುಸ್ತಕ ಕೇಳುತ್ತಿದ್ದಾರೆ' ಎಂದು ಬರೆದಿದ್ದರು.

ಉಳಿದಿರಲಿಲ್ಲ. ಆದರೆ ಐದು ವರ್ಷದಿಂದ ಅಪ್ಪನ ಬರವಣಿಗೆಯನ್ನೆಲ್ಲ ಶುದ್ಧಪ್ರತಿ ಮಾಡುತ್ತಿದ್ದವಳು ಚಲುವಿಯೇ. ಮಂಚೇಗೌಡ ಎಲ್ಲಿ ಕೆಮ್ಮುತ್ತಾನೆ, ಯಾವಾಗ ಛತ್ರಿ ಬಿಚ್ಚುತ್ತಾನೆ ಎಂಬುದು ಅವಳ ಬೆರಳಿಗೇ ಗೊತ್ತಿತ್ತು.

"ನಾನು ಬರೀತೀನಿ" ಅಂದಳು ಚಲುವಿ.

ಸಿದ್ದರಾಜು ಆಗತಾನೆ ಮಂಡ್ಯದ ಸಕ್ಕರೆ ಕಾರ್ಖಾನೆಯ ಗುಮಾಸ್ತೆ ಕೆಲಸ ಮುಗಿಸಿ ರೈಲಿಳಿದು ಬಂದಿದ್ದ. ಅವ್ವನ ಮುಖ ನೋಡಿದ. ಅವ್ವ ಒಲೆಯ ಕಡೆ ನೋಡಿದಳು.

"ಬರೀಲಿ ಬುಡ್ಲಾ" ಅಂದಳು ಅಜ್ಜಿ. "ಅಪ್ಪನ್ನ ಕಳ್ಕೊಂಡು ಮೂಲೇಲಿ ಕೂತ್ಕೊಳ್ಳೋದ್ಕಿಂತ ವಾಸಿ."

"ಬರಿ ಮಗಾ" ಅಂದಳು ಅವ್ವ. "ಮನೆ ಕೆಲ್ಸ ನಾನ್ ನೋಡ್ಕತೀನಿ. ನೀನು ಒಲೆ ತಾವ್ಕೂ ಬರ್ಬೇಡ."

ಹಾಗೆ ಚಲುವಿ ಮೂರು ತಿಂಗಳು ಅಪ್ಪನ ಇಳಿಮೇಜಿನ ಮುಂದೆ ಕೂತಳು. ಅವ್ವ ಮಾತಿಗೆ ತಪ್ಪಲಿಲ್ಲ. ರಾಗಿ ಬೀಸುವುದು, ನೀರು ಸೇದುವುದು, ಸಗಣಿ ಬಾಚುವುದು ಎಲ್ಲ ಅವಳೇ ಮಾಡಿಕೊಂಡಳು. ತಟ್ಟೆ ಇದ್ದಲ್ಲಿಗೇ ಬರುತ್ತಿತ್ತು. ಒಂದೊಂದು ದಿನ ಚಲುವಿ ಏನು ತಿಂದೆನೆಂದು ನೋಡದೆ ತಿಂದು, ಶಾಯಿಯ ಬೆರಳನ್ನೇ ನೆಕ್ಕಿಕೊಂಡು ಮುಖ ಕಿವುಚುತ್ತಿದ್ದಳು. ಅಜ್ಜಿ ನಗುತ್ತಿದ್ದಳು: "ನೋಡೇ ನಂಜಿ, ನಿನ್ ಮಗ್ಳು ಕರಿ ಸಾರು ಉಣ್ತಾವ್ಳೆ."

ಅವಳ ಕತೆ ಒಂದು ಆಲೆಮನೆಯಲ್ಲಿ ಶುರುವಾಗುತ್ತಿತ್ತು. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಪಕ್ಕದಲ್ಲಿ ಯಜಮಾನ ಸತ್ತು ಬಿದ್ದಿದ್ದಾನೆ. ಆಸ್ತಿಗೆ ಜಗಳವಾಡುತ್ತಿದ್ದ ತಮ್ಮನಿದ್ದಾನೆ, ಕೂಲಿ ಸಿಗದ ಗಾಡಿಯವನಿದ್ದಾನೆ, ಮನೆಯಲ್ಲೇ ಉಳಿದ ವಿಧವೆ ತಂಗಿಯಿದ್ದಾಳೆ. ಮೂರನೆಯ ಅಧ್ಯಾಯದಲ್ಲಿ ಮಳವಳ್ಳಿಯಿಂದ ಅಳಿಯ ಬರುತ್ತಾನೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಲ್ಲ, ನೆಂಟರೇ ಊಟ ತರಬೇಕು. ಅಳಿಯ ನಡುಹಗಲಿಗೆಲ್ಲ ಇಪ್ಪತ್ತು ಜನಕ್ಕಾಗುವಷ್ಟು ಮುದ್ದೆ, ಹುರುಳಿ ಸಾರು ಗಾಡಿಯಲ್ಲಿಟ್ಟುಕೊಂಡು ಬಂದು, ಅಳುವವರನ್ನು ಸಂತೈಸಿ, ಕೈಯಾರೆ ಬಡಿಸುತ್ತಾನೆ. 'ಇಂಥ ಅಳಿಯ ಯಾರಿಗುಂಟು' ಎಂದು ಊರೇ ಹೊಗಳುತ್ತದೆ. ಕೊಂದವನು ಅವನೇ. ಆ ಹೊಗಳಿಕೆಯ ಸಾಲುಗಳನ್ನು ಚಲುವಿ ನಾಲ್ಕು ಸಲ ತಿದ್ದಿ ಬರೆದಿದ್ದಳು. ಕಳ್ಳನನ್ನು ಪ್ರೀತಿಯ ಹಿಂದೆ ಬಚ್ಚಿಟ್ಟಂತೆ ಯಾವ ಮರೆಯಲ್ಲಿಟ್ಟರೂ ಆಗುವುದಿಲ್ಲ ಎಂದು ಅವಳಿಗೆ ಹೊಳೆದಿತ್ತು.

ಕಾರ್ತಿಕದಲ್ಲಿ ಪುಸ್ತಕ ಮುಗಿಯಿತು. ಚಲುವಿ ಹೊಸಲಿಗೆ ಒರಗಿ ಕೂತು ಎರಡು ಸಂಜೆ ಓದಿದಳು. ಕೊನೆಯ ಅಧ್ಯಾಯ ಉಳಿದಾಗ ಕಾಗದ ಮಡಚಿದಳು.

"ಈಗ ಹಿಡೀರಿ ಕಳ್ಳನ್ನ."

"ತಮ್ಮ ಕಣ್ಮಗಾ" ಅಂದಳು ಅಜ್ಜಿ. "ಆಸ್ತಿ ಅಂದ್ರೆ ಅಣ್ಣ ತಮ್ಮ ಅನ್ನೋದ್ ಉಂಟಾ?"

"ನಂಗ್ಯಾಕೋ ಆ ಗಾಡಿಯೋನ್ ಮೇಲೆ ಗುಮಾನಿ" ಅಂದಳು ಅವ್ವ, ಸೌದೆ ಮುಂದೆ ತಳ್ಳುತ್ತ.

"ತಂಗಿ" ಅಂದ ಸಿದ್ದರಾಜು. "ಸುಮ್ಮನೆ ಇರೋರನ್ನ ನಂಬಬಾರದು."

ಚಲುವಿ ಕೊನೆಯ ಅಧ್ಯಾಯ ಓದಿದಳು. ಮಂಚೇಗೌಡ ಛತ್ರಿಯ ತುದಿಯನ್ನು ಅಳಿಯನ ಎದೆಗೆ ಚಾಚಿದಾಗ ಅಜ್ಜಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ಮೂದೇವಿ, ಅಳೀಮಯ್ಯನಾ! ನಂಗೊಳೀಲೇ ಇಲ್ವಲ್ಲೇ!"

"ಯಾರಿಗೂ ಸಿಗಲಿಲ್ಲ" ಅಂದಳು ಚಲುವಿ. ನಗುತ್ತಲೇ ಅವಳ ಕಣ್ಣು ತುಂಬಿತು. "ಅವ್ವ, ಅಪ್ಪ ಹೇಳ್ತಿದ್ರಲ್ಲ, ನಮ್ಮನೆ ಹೆಂಗಸರಿಗೆ ಸಿಗದ ಕಳ್ಳ ಮೈಸೂರು ಸೀಮೆಗೇ ಸಿಗೋದಿಲ್ಲ ಅಂತ?"

"ಊಂ ಕಣ್ಮಗಾ" ಅಂದಳು ಅವ್ವ. "ಏಳು, ಮುದ್ದೆ ಆರೋಯ್ತದೆ."

ಸಿದ್ದರಾಜು ಮಾರನೆಯ ದಿನವೇ ಹಸ್ತಪ್ರತಿಯನ್ನು ಬಟ್ಟೆಯಲ್ಲಿ ಹೊಲಿಸಿ ಮಂಡ್ಯದಿಂದ ಅಂಚೆಗೆ ಹಾಕಿದ.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಬೇರೆಯೇ ಮಾತು. ಯಲಿಯೂರಿನಿಂದ ಒಂದು ಸಂಬಂಧ ಬಂದಿತ್ತು. ಹೊಲ, ಗದ್ದೆ, ಕಬ್ಬು, ಒಬ್ಬನೇ ಮಗ. ತಂದೆ ಸತ್ತ ವರ್ಷ ತುಂಬುವುದರೊಳಗೆ ಮಗಳ ಕನ್ಯಾದಾನವಾದರೆ ಸತ್ತವರಿಗೂ ಒಳ್ಳೆಯದು ಎಂದು ನೆಂಟರು ಹೇಳಿದ್ದರು. ಚಲುವಿ ಬೇಡವೆನ್ನಲಿಲ್ಲ.

"ಪುಸ್ತಕ ಬರೋವರೆಗೆ ತಡೀರಿ" ಅಂದಳು ಅಷ್ಟೆ. "ಮಂಚೇಗೌಡನ್ನ ಬರೆಯೋಳು ಅಂತ ತಿಳಿದೇ ಅವರು ಕರಕೊಂಡು ಹೋಗಲಿ. ಅಲ್ಲಿ ಹೋಗಿಯೂ ವರ್ಷಕ್ಕೊಂದು ಬರೀತೀನಿ."

"ಆಯ್ತು ಆಯ್ತು, ನೋಡಾನ" ಅಂದಿದ್ದಳು ಅವ್ವ.

ಮಾರ್ಗಶಿರದ ಒಂದು ಬೆಳಗ್ಗೆ ಅಂಚೆಯ ಜವರಯ್ಯ ಜಗುಲಿಯ ಮೇಲೆ ಕಾಗದ ಇಟ್ಟು ಹೋದ. ವಿಳಾಸ ಸಿದ್ದರಾಜುವಿನ ಹೆಸರಿಗಿತ್ತು. ಆದರೆ ಪ್ರಕಾಶಕರ ಕಾಗದಗಳನ್ನು ಅಪ್ಪನ ಕಾಲದಿಂದಲೂ ಒಡೆಯುತ್ತಿದ್ದವಳು ಚಲುವಿಯೇ. ಒಡೆದಳು.

'ತಮ್ಮ ತಾಯಿಯವರ ರುಜು ಇರುವ ಒಪ್ಪಿಗೆಪತ್ರ ಆಶ್ವಯುಜದಲ್ಲೇ ತಲುಪಿತು. ಅದರಂತೆ ಮುಂದಿನ ಮಂಚೇಗೌಡನ ಪುಸ್ತಕಗಳನ್ನು ಇಲ್ಲಿಯ ಒಬ್ಬ ಲೇಖಕರು ಬರೆಯುತ್ತಾರೆ. ಹನ್ನೆರಡನೆಯದು ಆಗಲೇ ಅಚ್ಚಿನಲ್ಲಿದೆ. ತಮ್ಮ ತಂಗಿಯವರ ಹಸ್ತಪ್ರತಿಯನ್ನು ತಾವು ಕೇಳಿಕೊಂಡಿದ್ದರಿಂದ ಓದಿ ನೋಡಿದೆವು. ಭಾಷೆ ಸೊಗಸಾಗಿದೆ. ಆದರೆ ಮೂರನೆಯ ಅಧ್ಯಾಯದಲ್ಲೇ ನಮ್ಮ ಮನೆಯ ಹೆಂಗಸರು ಕಳ್ಳನನ್ನು ಹಿಡಿದುಬಿಟ್ಟರು. ಮದುವೆ ಮುಗಿಯುವವರೆಗೆ ಅವರಿಗೆ ಏನನ್ನೂ ತಿಳಿಸುವುದು ಬೇಡವೆಂದು ಬರೆದಿದ್ದೀರಿ. ಹಾಗೇ ಆಗಲಿ.'

ಚಲುವಿ ಕಾಗದವನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಸಂಜೆ ಸಿದ್ದರಾಜು ಊಟಕ್ಕೆ ಕೂತಾಗ ಕಾಗದವನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

ಅವನು ನೋಡಿದ. ಮುರಿದ ಮುದ್ದೆ ಕೈಯಲ್ಲೇ ಉಳಿಯಿತು.

"ನನ್ನ ಹೆಸರಿಗೆ ಬಂದ ಕಾಗದ ಯಾಕೆ ಒಡೆದೆ?"

"ಆಶ್ವಯುಜದಲ್ಲಿ ನಾನು ಆರನೇ ಅಧ್ಯಾಯ ಬರೀತಿದ್ದೆ ಅಣ್ಣಯ್ಯ" ಅಂದಳು ಚಲುವಿ. "ಆಗಲೇ ಮಂಚೇಗೌಡನ್ನ ಕೊಟ್ಟುಬಿಟ್ಟಿದ್ರಾ?"

"ಯುದ್ಧ ಶುರುವಾಗಿ ಪೇಪರ್ ಸಿಗ್ತಿಲ್ಲ. ಹೆಸರು ಮಾಡಿದೋರ್ದು ಮಾತ್ರ ಅಚ್ಚು ಹಾಕ್ತಾರೆ. ಅವರಾಗೇ ಕೇಳಿದ್ರು, ಕೊಟ್ವಿ. ಆ ದುಡ್ಡೂ ನಿನ್ನ ಮದುವೆಗೇ ಹೋಗೋದು. ನಾನೇನು ತಿಂದಿಲ್ಲ."

"ಮತ್ತೆ ಯಾಕೆ ಬರೆಸಿದ್ರಿ ನನ್ನ ಕೈಲಿ?"

ಸಿದ್ದರಾಜು ಮುದ್ದೆಯನ್ನು ಸಾರಿಗೆ ಅದ್ದಿದ. ಚಲುವಿ ಒಳಗೆ ತಿರುಗಿದಳು.

"ಅವ್ವ, ರುಜು ಹಾಕಿದ್ಯಾ?"

"ಊಂ."

ಅಪ್ಪನ ಬಾಕಿ ಸಂಬಳದ ಕಾಗದಗಳಿಗೆ ಹೆಬ್ಬೆಟ್ಟೊತ್ತಲು ಅವ್ವ ನಾಚಿಕೊಂಡಾಗ, ಸ್ಲೇಟಿನ ಮೇಲೆ ಒಂದು ವಾರ ಕೈಹಿಡಿದು 'ಚಿಕ್ಕನಂಜಮ್ಮ' ಎಂದು ತಿದ್ದಿಸಿದವಳು ಚಲುವಿ. 'ಮ್ಮ'ದ ಒತ್ತು ಬರದೆ ಅವ್ವ ಮಕ್ಕಳ ಹಾಗೆ ನಕ್ಕಿದ್ದಳು.

"ನಾನು ಕಲಿಸಿದ ರುಜು."

"ನಾ ಏನ್ ಮಾಡ್ಲಿ ಯೋಳು" ಅಂದಳು ಅವ್ವ. ದನಿ ಏರಿತು. "ಗಂಡಿನ್ ಅವ್ವ ಕೇಳ್ತು ಕಣೆ, ಉಡ್ಗಿ ಕೊಲೆ ಕತೆ ಬರೀತಾಳಂತೆ, ನಿಜ್ವಾ ಅಂತ. ಇಲ್ಲ ಕಣವ್ವ, ಅದೆಲ್ಲ ಅವ್ಳಪ್ಪಂಗೇ ಮುಗೀತು ಅಂದೆ. ನಿಂಗೆ ಇಪ್ಪತ್ ತುಂಬ್ತಾ ಐತೆ. ಯಜಮಾನ ಇಲ್ಲದ್ ಮನೆ. ಬರ್ಕೊಂಡ್ ಕೂತಿದ್ರೆ ಮಾತಾಡ್ದೆ ಇರ್ತೀಯ, ಅಳ್ದೆ ಇರ್ತೀಯ, ಅಷ್ಟ್ರಲ್ಲಿ ಒಂದ್ ಸಂಬಂಧ ಕೂಡ್ಲಿ ಅಂತ ಬುಟ್ಟೆ."

"ಮಗೀಗೆ ಬೊಂಬೆ ಕೊಟ್ಟಂಗೆ" ಅಂದಳು ಚಲುವಿ.

"ತಿರುಗ್ಸಿ ತಿರುಗ್ಸಿ ಮಾತಾಡ್ಬೇಡ. ಉಣ್ಣು ಬಾ."

ಅವಳು ಉಣ್ಣಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಾರಿದ್ದಾರೆ, ಮುಚ್ಚಿಟ್ಟಿದ್ದಾರೆ, ಸರಿ. ಆದರೆ ಪುಸ್ತಕದಲ್ಲಿ ತಪ್ಪಿಲ್ಲ, ಅದೊಂದು ಅವಳಿಗೆ ಉಳಿದಿತ್ತು. ಬೆಂಗಳೂರಿನವರು ಹೇಗಾದರೂ ಬೇಡವೆನ್ನಬೇಕಿತ್ತು, ಒಂದು ನೆಪ ಬರೆದರು. ನಮ್ಮ ಮನೆಯಲ್ಲಿ ಮೂವರಿಗೂ ಸಿಗಲಿಲ್ಲವಲ್ಲ ಕಳ್ಳ. ಅಜ್ಜಿಗೇ ಸಿಗಲಿಲ್ಲ.

ಬೆಳಗ್ಗೆ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿ ಬೀಸುವ ಕಲ್ಲಿನ ಮುಂದೆ ಕೂತಳು. ಇಳಿಮೇಜಿನ ಮೇಲೆ ಅಣ್ಣ ಶರಟು ಮಡಚಿಡತೊಡಗಿದ.

ಹದಿನೈದು ದಿನಕ್ಕೆ ಯಲಿಯೂರಿನವರು ವೀಳ್ಯಶಾಸ್ತ್ರಕ್ಕೆ ಬರುವುದೆಂದಾಯಿತು. ಹದಿನೆಂಟು ಜನ. "ಅಡುಗೆ ನಾನೇ ಮಾಡ್ತೀನಿ" ಅಂದಳು ಚಲುವಿ. ಅವ್ವನಿಗೆ ಎಷ್ಟು ಸಮಾಧಾನವಾಯಿತೆಂದರೆ ಪಕ್ಕದ ಮನೆಯ ಬೆಳ್ಳಮ್ಮನನ್ನು ಸಹಾಯಕ್ಕೆ ಕರೆದು, "ಮಗ್ಳು ದಾರಿಗ್ ಬಂದ್ಲು ಕಣಕ್ಕ" ಎಂದು ಪಿಸುಗುಟ್ಟಿದಳು.

ಕೋಳಿ ಕೂಗುವ ಮುಂಚೆ ಒಲೆ ಹಚ್ಚಿದರು. ಹುರುಳಿ ಹಿಂದಿನ ಸಂಜೆಯೇ ನೆನೆಹಾಕಿತ್ತು. ಅದು ಬೇಯುವುದರೊಳಗೆ ಮೂರು ಹೊರೆ ಸೌದೆ ಉರಿಯಿತು. ಖಾರ ರುಬ್ಬುವಾಗ ಅಜ್ಜಿಯ ತೋಳು ಸೋತು ಅವ್ವ ಕೂತಳು, ಅವ್ವ ಸೋತು ಚಲುವಿ ಕೂತಳು. ದೊಡ್ಡ ಮಡಕೆಯಲ್ಲಿ ಎಸರು ಕುದಿಯಲಿಕ್ಕೇ ಒಂದು ಯುಗ ಹಿಡಿಯಿತು. ಬಿಸಿಲು ಹಿತ್ತಿಲ ನುಗ್ಗೆಮರ ದಾಟಿ ಬಂದರೂ ಅರ್ಧ ಅಡುಗೆ ಉಳಿದಿತ್ತು. ಚಲುವಿಯ ಸೀರೆ ಬೆವರಿಗೆ ಬೆನ್ನಿಗಂಟಿತ್ತು.

"ಇನ್ನೂ ಆಗ್ಲಿಲ್ವಲ್ಲ ಬೆಳ್ಳಮ್ಮತ್ತೆ! ರೈಲು ಬರೋ ಹೊತ್ತಾಯ್ತು."

ಬೆಳ್ಳಮ್ಮ ಮುದ್ದೆ ಕೋಲು ಎರಡು ಕೈಯಲ್ಲೂ ಹಿಡಿದು, ಮಡಕೆಯನ್ನು ಕಾಲಲ್ಲಿ ಒತ್ತಿಕೊಂಡು ತೊಳಸುತ್ತಿದ್ದಳು. ಏದುಸಿರಿನಲ್ಲೇ ನಕ್ಕಳು.

"ಇಪ್ಪತ್ ಜನದ್ ಅಡ್ಗೆ ಅಂದ್ರೆ ಮಾತಾಡ್ದಂಗಾ ತಾಯಿ? ಮುಂಚಿನ್ ದಿನ್ವೇ ಗೊತ್ತಿರ್ಬೇಕು, ಇಂಥೋರ್ ಬತ್ತಾರೆ, ಇಷ್ಟ್ ಜನ ಬತ್ತಾರೆ ಅಂತ."

ಚಲುವಿಯ ಕೈಯಿಂದ ಸೌಟು ಜಾರಿ ಸಾರಿನೊಳಗೆ ಮುಳುಗಿತು.

ಅವಳು ಸೌಟನ್ನು ತೆಗೆಯಲು ಹೋಗಲಿಲ್ಲ. ಮೆಲ್ಲಗೆ ಕೇಳಿದಳು: "ಬೆಳ್ಳಮ್ಮತ್ತೆ, ಒಂದು ಕತೆ ಹೇಳ್ತೀನಿ. ಮದ್ದೂರ ಹತ್ರ ಒಂದೂರಲ್ಲಿ ಯಜಮಾನ ಸತ್ತು ಬಿದ್ದಿದ್ದ, ಬೆಳಗಾದ್ಮೇಲೆ ಜನ ನೋಡಿದ್ರು. ಮಳವಳ್ಳಿ ಅಳಿಯಂಗೆ ಸುದ್ದಿ ಹೇಳೋಕೆ ಆಳು ನಡ್ಕೊಂಡು ಹೋದ. ನಡುಹಗಲಿಗೆಲ್ಲ ಅಳಿಯ ಇಪ್ಪತ್ತು ಜನಕ್ಕೆ ಮುದ್ದೆ, ಹುರುಳಿ ಸಾರು ಮಾಡಿಸ್ಕೊಂಡು ಗಾಡಿ ಕಟ್ಕೊಂಡು ಬಂದ. ಏನಂತೀಯ?"

"ಏನನ್ನೋದು?" ಬೆಳ್ಳಮ್ಮ ತಲೆಯೆತ್ತಲೂ ಇಲ್ಲ. "ಒಲೆ ಅಚ್ಬುಟ್ಟು ಆಮೇಲೆ ಕೊಂದವ್ನೆ ಅಂತೀನಿ."

ಅವ್ವ ಕೊತ್ತಂಬರಿ ಹೆಚ್ಚುವ ಕೈ ನಿಲ್ಲಿಸಿದ್ದಳು. ಅಜ್ಜಿ ಗೋಡೆ ನೋಡುತ್ತಿದ್ದಳು.

"ಯಾಕೆ? ಏನಾಯ್ತು?" ಅಂದಳು ಬೆಳ್ಳಮ್ಮ. "ಅದ್ಯಾವ ಊರು?"

"ಯಾವ ಊರೂ ಅಲ್ಲ" ಅಂದಳು ಚಲುವಿ. "ಅವ್ವ, ನೀನು ಮೂವತ್ತು ವರ್ಷದಿಂದ ಹುರುಳಿ ಬೇಯಿಸ್ತಿದ್ದೀಯ."

ಅವ್ವ ಮತ್ತೆ ಕೊತ್ತಂಬರಿ ಹೆಚ್ಚತೊಡಗಿದಳು.

"ಆದ್ರೂ ನೀನು ಗಾಡಿಯೋನ್ ಮೇಲೆ ಗುಮಾನಿ ಅಂದೆ."

"ರೈಲು ಬಂತು ಕಣೆ, ಕೂಗು ಕೇಳ್ಲಿಲ್ವಾ?" ಅಂದಳು ಅವ್ವ. "ಮೊಕ ತೊಳ್ಕೊ ಓಗು."

ಚಲುವಿ ಮುಖ ತೊಳೆದುಕೊಂಡಳು. ಹೊಸ ಸೀರೆ ಉಟ್ಟು ತಲೆ ತಗ್ಗಿಸಿ ಬಡಿಸಿದಳು. ಗಂಡಿನ ತಾಯಿ ಸಾರು ಚಪ್ಪರಿಸಿ, "ಕೈ ರುಚಿ ಐತೆ" ಅಂದಳು. ವೀಳ್ಯ ಬದಲಾಯಿತು. ಮಾಘದಲ್ಲಿ ಲಗ್ನವೆಂದು ಗೊತ್ತಾಯಿತು.

ಮೂರು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅಜ್ಜಿ ಜಗುಲಿಯ ಮೇಲೆ ಅವರೆಕಾಯಿ ಸುರಿದುಕೊಂಡು ಕೂತಿದ್ದಳು. ಚಲುವಿ ಬಂದು ಎದುರಿಗೆ ಕೂತು ಸುಲಿಯತೊಡಗಿದಳು. ಬೆರಳಿಗೆ ಸೊಗಡು ಅಂಟುತ್ತಿತ್ತು. ಬಹಳ ಹೊತ್ತು ಅಜ್ಜಿಯೇ ಅದೂ ಇದೂ ಮಾತಾಡಿದಳು. ಆಮೇಲೆ ಅಂದಳು:

"ಬಯ್ಯೋದಾದ್ರೆ ಬಯ್ದ್ಬುಡು. ಇಂಗೆ ಬಾಯ್ಗೆ ಬೀಗ ಆಕ್ಕಂಡ್ ತಿರುಗ್ಬೇಡ."

"ನೀನು ಅಪ್ಪಂಗೆ ನಿಜ ಹೇಳ್ದೆ" ಅಂದಳು ಚಲುವಿ. "ತಟ್ಟೆ ದೂಡಿ ಎದ್ದೋದ್ರೂ ಹೇಳ್ದೆ."

"ಅವ್ನು ಗಂಡಸು ಕಣೆ. ತಡ್ಕತಾನೆ. ಮತ್ತೆ ಬರೀತಾನೆ."

"ನಾನು ಬರೀತಿರ್ಲಿಲ್ವಾ?"

"ನಿನ್ ಮೊಕ ನೋಡಿದ್ರೆ..." ಅಜ್ಜಿ ಒಂದು ಹುಳುಕು ಕಾಳು ಎಸೆದಳು. "ಅಂಗ್ ಕೂತಿದ್ದೆ, ದೀಪ ಅಚ್ಚಿಟ್ಟಂಗೆ. ಮೂರ್ನೇ ಅಧ್ಯಾಯಕ್ಕೇ ಸಿಕ್ದ ಕಣ್ಮಗಾ ನಿನ್ ಕಳ್ಳ, ಅಂತ ಎಂಗ್ ಯೋಳ್ಲಿ? ಎಂಗೂ ಅಚ್ಚಾಗೋದಲ್ಲ, ಯಾಕ್ ನೋಯ್ಸೋದು ಅಂದ್ಲು ನಿಮ್ಮವ್ವ. ನಂಗೂ ಸರಿ ಅನ್ನುಸ್ತು."

ಚಲುವಿ ಸುಲಿಯುತ್ತಲೇ ಇದ್ದಳು.

"ಈಗ್ಲೂ ಏನಾಗೈತೆ" ಅಜ್ಜಿ ಮುಂದೆ ಬಾಗಿದಳು. ದನಿಯಲ್ಲಿ ಹಳೆಯ ಹುರುಪು ಬಂದಿತ್ತು. "ಆ ಅಳಿಯ ಊಟ ತರೋದೇ ಬೇಡ, ಬರೀ ಬಾಳೆ ಎಲೆ ತರ್ಲಿ. ಯಾರೂ ಇಡಿಯಾಕಿಲ್ಲ. ಮಂಚೇಗೌಡ ಓದ್ರೆ ಓಗ್ಲಿ, ಇನ್ನೊಬ್ಬ ಪತ್ತೇದಾರನ್ನ ಮಾಡ್ಕೊ. ಯಲಿಯೂರಲ್ಲೇ ಕೂತ್ಕೊಂಡು ಕದ್ದು ಬರಿ, ಯಾರ್ಗೂ ಯೋಳ್ಬೇಡ."

"ಬರೆದು ಯಾರಿಗೆ ಓದಲಿ ಅಜ್ಜಿ?"

ಅಜ್ಜಿ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು.

ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಸಾಲು ಮಂಡ್ಯದ ಕಡೆ ಹೋಗುತ್ತಿತ್ತು. ಕೊನೆಯ ಗಾಡಿ ಹಾದುಹೋದ ಮೇಲೆ ಚಲುವಿ ಅಂದಳು:

"ಒಂದು ಕೇಳ್ತೀನಿ. ಇದಕ್ಕೆ ನಿಜ ಹೇಳು."

"ಕೇಳು."

"ನಾನು ಚಿಕ್ಕೋಳಿದ್ದಾಗ ನೀನು ಪಕ್ಕದಲ್ಲಿ ಮಲಗಿಸ್ಕೊಂಡು ಕತೆ ಹೇಳ್ತಿದ್ದೆ. ನಡುವೆ ನಿಲ್ಲಿಸ್ತಿದ್ದೆ. ಏಳು ಬಾಗಿಲು ಇದಾವೆ, ರಾಜಕುಮಾರ ಯಾವುದರ ಹಿಂದೆ ಅವ್ನೆ ಹೇಳು ಅಂತ. ನಾನು ಹೇಳಿದ ಬಾಗಿಲೇ ಸರಿಯಾಗಿರ್ತಿತ್ತು. ಒಂದು ದಿನಾನೂ ತಪ್ಪಲಿಲ್ಲ. ಈ ಉಡ್ಗಿ ತಲೆ ಅವ್ರಪ್ಪನ ತಲೆಗಿಂತ ಚುರುಕು ಅಂತ ಊರಿಗೆಲ್ಲ ಸಾರಿದ್ದೆ. ಅದನ್ನ ನಂಬ್ಕೊಂಡೇ ನಾನು ಲೇಖನಿ ಹಿಡಿದದ್ದು."

"ಊಂ."

"ಕತೇಲಿ ಮೊದಲೇ ಆ ಬಾಗಿಲು ಇತ್ತಾ? ಇಲ್ಲ, ನಾನು ಹೇಳಿದ ಮೇಲೆ ರಾಜಕುಮಾರನ್ನ ತಂದು ಅಲ್ಲಿ ನಿಲ್ಲಿಸ್ತಿದ್ಯಾ?"

ಅಜ್ಜಿಯ ಬೆರಳು ಕಾಯಿಯ ಬೆನ್ನಿನ ಮೇಲೆ ನಿಂತಿತು. ಅವಳು ಚಲುವಿಯನ್ನು ನೋಡಲಿಲ್ಲ. ಆ ಕಾಯಿ ಸುಲಿದು ಮೊರಕ್ಕೆ ಹಾಕಿದಳು, ಇನ್ನೊಂದನ್ನು ಎತ್ತಿಕೊಂಡಳು.

"ಸುಲಿ ಮಗಾ" ಅಂದಳು. "ಒತ್ತಾಯ್ತು."

ಚಲುವಿ ತನ್ನ ಮುಂದಿದ್ದ ಕಾಳನ್ನು ಒಂದೂ ಬಿಡದೆ ಬೊಗಸೆಯಲ್ಲಿ ಎತ್ತಿ ಅಜ್ಜಿಯ ಮೊರಕ್ಕೆ ಸುರಿದಳು. ಸೆರಗಿನ ಸಿಪ್ಪೆ ಕೊಡವಿಕೊಂಡು ಎದ್ದು ಒಳಗೆ ಹೋದಳು.